ಲೆಮೂರಿಯಾ ಎಂಬ ಖಂಡ ಎಲ್ಲಿ ಹೋಯಿತು?

ಭಾರತದ ದಕ್ಷಿಣ ತುದಿಯಿಂದ ಮಡಗಾಸ್ಕರ್ ದ್ವೀಪದವರೆಗೆ ಒಂದು ಮಹಾಖಂಡ ಹರಡಿತ್ತು, ಅದು ಸಮುದ್ರದಲ್ಲಿ ಮುಳುಗಿಹೋಯಿತು ಎಂದು ಹೇಳುವ ನಕ್ಷೆಗಳು ಆಗಾಗ ನಮ್ಮ ಮೊಬೈಲ್‌ಗಳಿಗೆ ಬರುತ್ತಿರುತ್ತವೆ. ಆ ಖಂಡದ ಹೆಸರು ಲೆಮೂರಿಯಾ. ಕಳುಹಿಸುವವರು 'ಇದನ್ನು ವಿಜ್ಞಾನಿಗಳೇ ಒಪ್ಪಿದ್ದಾರೆ' ಎಂದು ಒಂದು ಸಾಲು ಸೇರಿಸಿರುತ್ತಾರೆ. ಓದಿದವರಲ್ಲಿ ಕೆಲವರು ನಂಬಿ ಮುಂದಕ್ಕೆ ಕಳುಹಿಸುತ್ತಾರೆ, ಇನ್ನು ಕೆಲವರು ಕಟ್ಟುಕಥೆ ಎಂದು ಅಳಿಸಿಹಾಕುತ್ತಾರೆ.

ವಾಸ್ತವ ಸಂಗತಿ ಈ ಎರಡಕ್ಕಿಂತಲೂ ಸ್ವಾರಸ್ಯಕರವಾಗಿದೆ. ಲೆಮೂರಿಯಾ ಎಂಬ ಹೆಸರು ಯಾವ ಪುರಾಣದಲ್ಲಿಯೂ ಇಲ್ಲ. ಅದು ಹುಟ್ಟಿದ್ದು 1864ರಲ್ಲಿ, ಇಂಗ್ಲೆಂಡಿನ ಒಂದು ವಿಜ್ಞಾನ ಪತ್ರಿಕೆಯ ಲೇಖನದಲ್ಲಿ. ಆ ಕಾಲದ ಗಣ್ಯ ವಿಜ್ಞಾನಿಗಳು ಅದನ್ನು ಗಂಭೀರವಾಗಿ ಪರಿಗಣಿಸಿದ್ದರು ಎಂಬುದು ನಿಜ. ಮುಂದೆ ಸಾಕ್ಷ್ಯಗಳನ್ನು ನೋಡಿ ಅದನ್ನು ಕೈಬಿಟ್ಟವರೂ ವಿಜ್ಞಾನಿಗಳೇ. ಅವರು ಏಕೆ ಒಪ್ಪಿದ್ದರು, ಏಕೆ ಬಿಟ್ಟರು, ಬಿಟ್ಟ ಮೇಲೆ ಆ ಪ್ರಶ್ನೆಗಳಿಗೆ ಯಾವ ಉತ್ತರ ದೊರೆಯಿತು ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಲೆಮೂರ್ ಮತ್ತು ಕಾಡುಪಾಪ

ಫಿಲಿಪ್ ಲಟ್ಲಿ ಸ್ಕ್ಲೇಟರ್ ಅವರು ವಕೀಲಿ ಓದಿದವರು, ಆದರೆ ಹೆಸರು ಗಳಿಸಿದ್ದು ಪಕ್ಷಿಶಾಸ್ತ್ರದಲ್ಲಿ. 1860ರಿಂದ 1902ರವರೆಗೆ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಕಾರ್ಯದರ್ಶಿಯಾಗಿದ್ದರು. ಯಾವ ಪ್ರಾಣಿ ಭೂಮಿಯ ಯಾವ ಭಾಗದಲ್ಲಿದೆ, ಅಲ್ಲೇ ಏಕಿದೆ ಎಂಬುದು ಅವರ ಅಧ್ಯಯನದ ಮುಖ್ಯ ವಿಷಯ. 1858ರಲ್ಲಿ ಅವರು ಪಕ್ಷಿಗಳ ಆಧಾರದ ಮೇಲೆ ಜಗತ್ತನ್ನು ಆರು ಪ್ರದೇಶಗಳಾಗಿ ವಿಂಗಡಿಸಿದ್ದರು.

1864ರಲ್ಲಿ ಅವರು ಮಡಗಾಸ್ಕರ್‌ನ ಸಸ್ತನಿಗಳ ಬಗ್ಗೆ ಬರೆದರು. ಆ ದ್ವೀಪ ಆಫ್ರಿಕಾದ ಪಕ್ಕದಲ್ಲೇ ಇದೆ. ಆದರೂ ಅಲ್ಲಿ ಸಿಂಹವಿಲ್ಲ, ಆನೆಯಿಲ್ಲ, ಮಂಗಗಳಿಲ್ಲ. ಅವುಗಳ ಬದಲು ದೊಡ್ಡ ಕಣ್ಣಿನ, ಮರದ ಮೇಲೆ ಬದುಕುವ ಲೆಮೂರ್ ಎಂಬ ಪ್ರಾಣಿಗಳು ಹಲವು ಬಗೆಗಳಲ್ಲಿವೆ. ಅವುಗಳ ಬಂಧುಗಳು ಆಫ್ರಿಕಾದಲ್ಲಿ ಕೆಲವು ಇವೆ. ಇನ್ನು ಕೆಲವು ಬಹುದೂರದ ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿವೆ. ಕನ್ನಡಿಗರಿಗೆ ಈ ಬಂಧು ಅಪರಿಚಿತವಲ್ಲ. ತುಮಕೂರು ಭಾಗದ ಕುರುಚಲು ಕಾಡುಗಳಲ್ಲಿ ರಾತ್ರಿ ಹೊತ್ತು ಸಂಚರಿಸುವ, ಸಣಕಲು ಕೈಕಾಲಿನ ಕಾಡುಪಾಪವೇ ಅದು.

ಮಡಗಾಸ್ಕರ್‌ಗೂ ನಮ್ಮ ನಾಡಿಗೂ ನಡುವೆ ಸಾವಿರಾರು ಕಿಲೋಮೀಟರ್ ಸಮುದ್ರವಿದೆ. ಈಜಲಾರದ, ಹಾರಲಾರದ ಪ್ರಾಣಿಯ ಬಂಧುಗಳು ಎರಡೂ ದಡದಲ್ಲಿ ಇರುವುದು ಹೇಗೆ? ನಡುವೆ ಒಂದು ಕಾಲದಲ್ಲಿ ನೆಲವಿದ್ದಿರಬೇಕು ಎಂದು ಸ್ಕ್ಲೇಟರ್ ಊಹಿಸಿದರು. ಲೆಮೂರ್‌ಗಳಿಂದ ಊಹಿಸಿದ ಆ ನೆಲಕ್ಕೆ ಲೆಮೂರಿಯಾ ಎಂದು ಹೆಸರಿಟ್ಟರು. 'ಲೆಮೂರ್' ಎಂಬ ಪದ ಬಂದಿರುವುದು ಸತ್ತವರ ಆತ್ಮಗಳನ್ನು ಸೂಚಿಸುವ ಒಂದು ಲ್ಯಾಟಿನ್ ಪದದಿಂದ. ರಾತ್ರಿಯಲ್ಲಿ ನಿಧಾನವಾಗಿ ಓಡಾಡುವ ಈ ಬಗೆಯ ಪ್ರಾಣಿಗಳಿಗೆ ಲಿನ್ನೇಯಸ್ ಆ ಹೆಸರು ಕೊಟ್ಟಿದ್ದರು.

ಸ್ಕ್ಲೇಟರ್ ಯಾವ ಶಾಸನವನ್ನೂ ನೋಡಿರಲಿಲ್ಲ, ಯಾವ ಊರಿನ ಅವಶೇಷವನ್ನೂ ಕಂಡಿರಲಿಲ್ಲ. ಅವರ ಮುಂದಿದ್ದದ್ದು ಪ್ರಾಣಿಗಳ ಪಟ್ಟಿ ಮತ್ತು ಒಂದು ನ್ಯಾಯವಾದ ಪ್ರಶ್ನೆ.

ಕಲ್ಲಿದ್ದಲ ಪದರಗಳಲ್ಲಿ ಸಿಕ್ಕ ಎಲೆ

ಇದೇ ಸುಮಾರಿಗೆ ಭಾರತದಲ್ಲಿ ಭೂವಿಜ್ಞಾನಿಗಳು ಬೇರೊಂದು ದಾರಿಯಿಂದ ಇಂಥದೇ ಪ್ರಶ್ನೆಯ ಮುಂದೆ ಬಂದು ನಿಂತಿದ್ದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1851ರಲ್ಲಿ ಆರಂಭವಾಯಿತು. ಅದರ ಮೊದಲ ಮುಖ್ಯ ಕೆಲಸ ಕಲ್ಲಿದ್ದಲು ಹುಡುಕುವುದು. ಒಡಿಶಾದ ತಾಲ್ಚೇರ್ ಪ್ರದೇಶದಲ್ಲಿ 1856ರಲ್ಲಿ ವಿಲಿಯಂ ಬ್ಲಾನ್‌ಫೋರ್ಡ್ ಮತ್ತು ಅವರ ಸಂಗಡಿಗರು ಕಲ್ಲಿದ್ದಲ ಪದರಗಳ ಕೆಳಗೆ ವಿಚಿತ್ರವಾದ ಗುಂಡುಕಲ್ಲುಗಳ ಪದರವೊಂದನ್ನು ಕಂಡರು. ನುಣ್ಣನೆಯ ಕೆಸರಿನಲ್ಲಿ ದೊಡ್ಡ ಬಂಡೆಗಳು ಹೂತುಕೊಂಡಿದ್ದವು. ಇದು ಮಂಜುಗಡ್ಡೆಯ ಕೆಲಸ ಎಂದು ಅವರು ಹೇಳಿದರು. ಬಿಸಿಲ ನಾಡಾದ ಒಡಿಶಾದಲ್ಲಿ ಮಂಜುಗಡ್ಡೆ ಎಂದರೆ ಅಂದು ನಂಬುವವರು ಕಡಿಮೆ. ಮುಂದಿನ ಅಧ್ಯಯನಗಳು ಅವರ ಮಾತನ್ನು ಎತ್ತಿಹಿಡಿದವು.

ಅದೇ ಕಲ್ಲಿದ್ದಲ ಪದರಗಳಲ್ಲಿ ನಾಲಿಗೆಯಾಕಾರದ ಎಲೆಯ ಪಳೆಯುಳಿಕೆಗಳು ಹೇರಳವಾಗಿದ್ದವು. ಈ ಸಸ್ಯಕ್ಕೆ ಗ್ಲೋಸಾಪ್ಟೆರಿಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ 'ಗ್ಲೋಸಾ' ಎಂದರೆ ನಾಲಿಗೆ. ಇದೇ ಸಸ್ಯದ ಗುರುತು ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕಗಳಲ್ಲಿಯೂ ಸಿಕ್ಕಿತು. 1912ರಲ್ಲಿ ದಕ್ಷಿಣ ಧ್ರುವದಿಂದ ಹಿಂದಿರುಗುವಾಗ ಕ್ಯಾಪ್ಟನ್ ಸ್ಕಾಟ್ ಮತ್ತು ಅವರ ಸಂಗಡಿಗರು ಹಿಮದಲ್ಲಿ ಪ್ರಾಣಬಿಟ್ಟರು. ಕೊನೆಯವರೆಗೂ ಅವರು ಬಿಡದೆ ಎಳೆದು ತಂದಿದ್ದ ಸುಮಾರು 16 ಕಿಲೋ ಕಲ್ಲುಗಳಲ್ಲಿ ಗ್ಲೋಸಾಪ್ಟೆರಿಸ್ ಎಲೆಗಳ ಗುರುತೂ ಇತ್ತು. ಅಂಟಾರ್ಕ್ಟಿಕಾದ ನೆಲದಲ್ಲಿಯೂ ಈ ಗಿಡ ಬೆಳೆದಿತ್ತು ಎಂಬುದಕ್ಕೆ ಅದು ಸಾಕ್ಷಿಯಾಯಿತು.

ಹೆನ್ರಿ ಮೆಡ್ಲಿಕಾಟ್ ಅವರು 1872ರಲ್ಲಿ ಮಧ್ಯಭಾರತದ ಈ ಶಿಲಾಪದರಗಳಿಗೆ ಗೊಂಡ ಜನರ ನಾಡಿನ ಹೆಸರಿನಿಂದ 'ಗೊಂಡ್ವಾನ' ಎಂದು ಹೆಸರಿಟ್ಟರು. 1875ರಲ್ಲಿ ಹೆನ್ರಿ ಬ್ಲಾನ್‌ಫೋರ್ಡ್ ಅವರು ಭಾರತ ಮತ್ತು ದಕ್ಷಿಣ ಆಫ್ರಿಕಾಗಳ ಪಳೆಯುಳಿಕೆಗಳನ್ನು ಹೋಲಿಸಿ, ಇವೆರಡರ ನಡುವೆ ಹಿಂದೂ ಮಹಾಸಾಗರದಲ್ಲಿ ಒಂದು ಖಂಡ ಇದ್ದಿರಬೇಕು ಎಂದು ವಾದಿಸಿದರು. 1885ರಲ್ಲಿ ಆಸ್ಟ್ರಿಯಾದ ಭೂವಿಜ್ಞಾನಿ ಎಡ್ವರ್ಡ್ ಸ್ಯೂಸ್ ಅವರು ಆಫ್ರಿಕಾ, ಮಡಗಾಸ್ಕರ್, ಭಾರತಗಳನ್ನು ಒಳಗೊಂಡ ಪುರಾತನ ಭೂಭಾಗಕ್ಕೆ 'ಗೊಂಡ್ವಾನಾಲ್ಯಾಂಡ್' ಎಂದರು. ಹೀಗೆ ನಮ್ಮ ದೇಶದ ಒಂದು ಜನಸಮುದಾಯದ ಹೆಸರು ಜಗತ್ತಿನ ಭೂವಿಜ್ಞಾನದಲ್ಲಿ ಶಾಶ್ವತವಾಗಿ ಉಳಿಯಿತು.

ಪ್ರಾಣಿಶಾಸ್ತ್ರಜ್ಞರ ಲೆಮೂರಿಯಾ, ಭೂವಿಜ್ಞಾನಿಗಳ ಹಿಂದೂ ಮಹಾಸಾಗರದ ಖಂಡ ಎರಡೂ ನಕ್ಷೆಯ ಒಂದೇ ಜಾಗದಲ್ಲಿ ಬಂದು ಕೂತವು. ಎರಡು ಬೇರೆ ಬೇರೆ ಸಾಕ್ಷಿಗಳು ಒಂದೇ ಕಡೆ ಬೊಟ್ಟು ಮಾಡಿದಾಗ ನಂಬಿಕೆ ಹೆಚ್ಚುವುದು ಸಹಜ.

ಖಂಡ ಮುಳುಗುತ್ತದೆ ಎಂದು ಏಕೆ ನಂಬಿದ್ದರು?

ಅಂದಿನ ತಿಳಿವಳಿಕೆಯಂತೆ ಭೂಮಿ ಬೆಂಕಿಯುಂಡೆಯಾಗಿ ಹುಟ್ಟಿ ನಿಧಾನವಾಗಿ ಆರುತ್ತಿತ್ತು. ಆರಿದ ವಸ್ತು ಕುಗ್ಗುತ್ತದೆ. ಹಣ್ಣು ಒಣಗಿದಾಗ ಸಿಪ್ಪೆ ಸುಕ್ಕುಗಟ್ಟುವಂತೆ ಭೂಮಿಯ ಮೇಲ್ಮೈ ಸುಕ್ಕುಗಟ್ಟಿ ಬೆಟ್ಟಗಳಾದವು, ಕುಸಿದ ಭಾಗಗಳು ಸಮುದ್ರಗಳಾದವು ಎಂದು ಸ್ಯೂಸ್ ಮೊದಲಾದವರು ವಿವರಿಸಿದರು. ಇಂದು ನೆಲವಾಗಿರುವುದು ನಾಳೆ ಸಮುದ್ರವಾಗಬಹುದು ಎಂಬ ಈ ಚಿತ್ರದಲ್ಲಿ ಮುಳುಗಿದ ಖಂಡಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಎಲ್ಲರೂ ಇದನ್ನು ಒಪ್ಪಿರಲಿಲ್ಲ. ಪ್ರಾಣಿ ಸಸ್ಯಗಳ ಹರಡುವಿಕೆಯಲ್ಲಿ ಒಂದು ತೊಡಕು ಕಂಡೊಡನೆ ಅಡುಗೆಮನೆಯಲ್ಲಿ ತಿಂಡಿ ಮಾಡಿದಷ್ಟು ಸಲೀಸಾಗಿ ಹೊಸ ಖಂಡ ಮಾಡಿಬಿಡುತ್ತಾರೆ ಎಂಬ ಅರ್ಥದಲ್ಲಿ ಚಾರ್ಲ್ಸ್ ಡಾರ್ವಿನ್ 1856ರಲ್ಲೇ ಪತ್ರದಲ್ಲಿ ಬೇಸರ ತೋಡಿಕೊಂಡಿದ್ದರು. ಅಮೆರಿಕದ ಜೇಮ್ಸ್ ಡಾನಾ ಅವರು ಖಂಡಗಳೂ ಸಾಗರಗಳೂ ಮೊದಲಿನಿಂದ ತಮ್ಮ ತಮ್ಮ ಜಾಗದಲ್ಲಿಯೇ ಇವೆ ಎಂದರು. ಆಲ್‌ಫ್ರೆಡ್ ರಸೆಲ್ ವಾಲೆಸ್ ಮೊದಲು ಲೆಮೂರಿಯಾದ ಕಡೆ ಒಲವು ತೋರಿದ್ದವರು, 1880ರ ಹೊತ್ತಿಗೆ ಅದನ್ನು ಬಿಟ್ಟರು. ಲೆಮೂರ್‌ಗಳನ್ನು ಹೋಲುವ ಪ್ರಾಣಿಗಳ ಪಳೆಯುಳಿಕೆಗಳು ಯೂರೋಪ್ ಮತ್ತು ಉತ್ತರ ಅಮೆರಿಕಗಳಲ್ಲೂ ಸಿಕ್ಕಿದ್ದವು. ಆ ಗುಂಪು ಹಿಂದೆ ಇಷ್ಟು ವಿಶಾಲವಾಗಿ ಹರಡಿದ್ದರೆ, ಈಗ ಅಲ್ಲಲ್ಲಿ ಉಳಿದಿರುವುದಕ್ಕೆ ಮಧ್ಯೆ ಒಂದು ಖಂಡ ಬೇಕೇ ಬೇಕು ಎನ್ನುವಂತಿಲ್ಲ ಎಂಬುದು ಅವರ ವಾದ.

ತೂಕದ ಗುಂಡು ನುಡಿದ ಸಾಕ್ಷಿ

ಲೆಮೂರಿಯಾದ ವಿರುದ್ಧ ನಿಂತ ಅತ್ಯಂತ ಬಲವಾದ ಸಾಕ್ಷಿಯ ಮೂಲವೂ ಭಾರತದಲ್ಲೇ ಇದೆ. ಗೋಡೆ ನೇರವಾಗಿದೆಯೇ ಎಂದು ನೋಡಲು ಗಾರೆ ಕೆಲಸದವರು ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಡುತ್ತಾರೆ. ದೇಶವನ್ನು ಅಳೆದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯವರೂ ನಕ್ಷತ್ರಗಳನ್ನು ನೋಡಿ ಅಕ್ಷಾಂಶ ಗುರುತಿಸುವಾಗ ಇಂಥದೇ ಗುಂಡನ್ನು ಅವಲಂಬಿಸಿದ್ದರು. ಹಿಮಾಲಯಕ್ಕೆ ಹತ್ತಿರದ ಕಲಿಯಾನಾ ಮತ್ತು ಮಧ್ಯಭಾರತದ ಕಲಿಯಾನ್‌ಪುರ ಎಂಬ ಎರಡು ಸ್ಥಳಗಳ ನಡುವಿನ ಅಂತರವನ್ನು ನೆಲದ ಮೇಲೆ ಅಳೆದಾಗ ಬಂದ ಲೆಕ್ಕಕ್ಕೂ ನಕ್ಷತ್ರಗಳಿಂದ ಬಂದ ಲೆಕ್ಕಕ್ಕೂ ಸುಮಾರು 160 ಮೀಟರ್ ವ್ಯತ್ಯಾಸ ಕಂಡಿತು.

ಹಿಮಾಲಯದ ರಾಶಿ ಗುಂಡನ್ನು ತನ್ನ ಕಡೆಗೆ ಎಳೆಯುತ್ತಿದೆ ಎಂದು ಕಲ್ಕತ್ತೆಯಲ್ಲಿದ್ದ ಪಾದ್ರಿ, ಗಣಿತಜ್ಞ ಜಾನ್ ಪ್ರಾಟ್ ಊಹಿಸಿದರು. ಲೆಕ್ಕ ಹಾಕಿ ನೋಡಿದರೆ ಹೊಸ ತೊಡಕು ಎದುರಾಯಿತು. ಅಷ್ಟು ದೊಡ್ಡ ಪರ್ವತ ಎಳೆಯಬೇಕಾಗಿದ್ದ ಪ್ರಮಾಣದ ಮೂರನೇ ಒಂದು ಭಾಗ ಮಾತ್ರ ಗುಂಡು ವಾಲಿತ್ತು. 1855ರಲ್ಲಿ ಜಾರ್ಜ್ ಏರಿ ಇದಕ್ಕೆ ವಿವರಣೆ ಕೊಟ್ಟರು. ಪರ್ವತದ ಕೆಳಗೆ ಹಗುರವಾದ ಶಿಲೆಯ ಆಳವಾದ ಬೇರು ಇದೆ. ನೀರಿನಲ್ಲಿ ತೇಲುವ ಮರದ ದಿಮ್ಮಿಯಂತೆ ಭೂಮಿಯ ಹಗುರ ಶಿಲೆಗಳು ಕೆಳಗಿನ ಭಾರವಾದ ಶಿಲೆಗಳ ಮೇಲೆ ತೇಲುತ್ತಿವೆ. ದಿಮ್ಮಿ ದಪ್ಪವಾದಷ್ಟೂ ಮೇಲೆಯೂ ಹೆಚ್ಚು ಕಾಣುತ್ತದೆ, ಕೆಳಗೂ ಹೆಚ್ಚು ಇಳಿದಿರುತ್ತದೆ.

ಖಂಡಗಳ ಗ್ರಾನೈಟ್‌ನಂಥ ಶಿಲೆ ನೀರಿಗಿಂತ ಸುಮಾರು 2.7 ಪಟ್ಟು ಭಾರ. ಸಮುದ್ರತಳದ ಬಸಾಲ್ಟ್ ಸುಮಾರು 3 ಪಟ್ಟು, ಅವುಗಳ ಕೆಳಗಿನ ಶಿಲೆ ಸುಮಾರು 3.3 ಪಟ್ಟು ಭಾರ. ಹಗುರವಾದದ್ದು ಭಾರವಾದದ್ದರೊಳಗೆ ತಾನಾಗಿ ಮುಳುಗುವುದಿಲ್ಲ. ಒಂದು ಪೂರ್ಣ ಖಂಡ ನಾಲ್ಕು ಕಿಲೋಮೀಟರ್ ಆಳಕ್ಕೆ ಕುಸಿದು, ತನ್ನ ಗ್ರಾನೈಟ್ ಗುರುತನ್ನೂ ಉಳಿಸದೆ ಸಮುದ್ರತಳವಾಗಿಬಿಡುವುದು ಈ ಲೆಕ್ಕದಲ್ಲಿ ಸಾಧ್ಯವಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಿಕಿರಣಶೀಲ ವಸ್ತುಗಳು ಭೂಮಿಯೊಳಗೆ ಶಾಖ ಹುಟ್ಟಿಸುತ್ತವೆ ಎಂಬುದೂ ತಿಳಿಯಿತು. ಆರಿ ಕುಗ್ಗುವ ಭೂಮಿಯ ಚಿತ್ರವೇ ಅಲುಗಾಡತೊಡಗಿತು.

ಈಗ ಭೂವಿಜ್ಞಾನಿಗಳು ಇಕ್ಕಟ್ಟಿಗೆ ಸಿಕ್ಕಿಕೊಂಡರು. ಗ್ಲೋಸಾಪ್ಟೆರಿಸ್ ಎಲೆಗಳನ್ನು ನೋಡಿದರೆ ನೆಲಗಳು ಕೂಡಿದ್ದವು ಎನ್ನಬೇಕು. ತೂಕದ ಗುಂಡನ್ನು ನಂಬಿದರೆ ನಡುವಿನ ನೆಲ ಮುಳುಗಲಿಲ್ಲ ಎನ್ನಬೇಕು.

ನೆಲವೇ ಸರಿದಿದ್ದರೆ?

ಈ ಇಕ್ಕಟ್ಟಿನಿಂದ ಹೊರಬರುವ ದಾರಿ ತೋರಿಸಿದವರು ಜರ್ಮನಿಯ ಹವಾಮಾನ ವಿಜ್ಞಾನಿ ಆಲ್‌ಫ್ರೆಡ್ ವೆಗೆನರ್. 1912ರ ಜನವರಿಯಲ್ಲಿ ಉಪನ್ಯಾಸದ ರೂಪದಲ್ಲಿ, 1915ರಲ್ಲಿ ಪುಸ್ತಕದ ರೂಪದಲ್ಲಿ ಅವರು ತಮ್ಮ ವಾದ ಮಂಡಿಸಿದರು. ಭಾರತ ಮತ್ತು ಆಫ್ರಿಕಾಗಳು ಕೂಡಿದ್ದವು ಎಂಬುದು ಸರಿ, ಆದರೆ ಅವುಗಳ ನಡುವೆ ಮೂರನೆಯ ನೆಲ ಇರಲಿಲ್ಲ. ಅವೆರಡೇ ಒಂದಕ್ಕೊಂದು ತಾಗಿಕೊಂಡಿದ್ದವು, ನಂತರ ದೂರ ಸರಿದವು. ಹೀಗೆಂದರೆ ಮುಳುಗಿದ ಖಂಡದ ಅಗತ್ಯವೇ ಬೀಳುವುದಿಲ್ಲ.

ಖಂಡಗಳನ್ನು ಸರಿಸುವ ಶಕ್ತಿ ಯಾವುದು ಎಂಬ ಪ್ರಶ್ನೆಗೆ ವೆಗೆನರ್ ಒಪ್ಪುವಂಥ ಉತ್ತರ ಕೊಡಲಾಗಲಿಲ್ಲ. ಅವರ ಮಾತನ್ನು ಬಹುಪಾಲು ಭೂವಿಜ್ಞಾನಿಗಳು ತಳ್ಳಿಹಾಕಿದರು. 1930ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲಿ ಅವರು ತೀರಿಕೊಂಡರು. ದಕ್ಷಿಣ ಆಫ್ರಿಕಾದ ಅಲೆಕ್ಸಾಂಡರ್ ಡು ಟೋಯ್ಟ್ ಅವರಂಥ ಕೆಲವರು ಮಾತ್ರ ಆ ವಾದವನ್ನು ಜೀವಂತವಾಗಿಟ್ಟರು.

ನಿರ್ಣಾಯಕ ಸಾಕ್ಷಿ ಸಿಕ್ಕಿದ್ದು ಸಮುದ್ರತಳದಲ್ಲಿ. 1950ರ ದಶಕದಲ್ಲಿ ಮೇರಿ ಥಾರ್ಪ್ ಮತ್ತು ಬ್ರೂಸ್ ಹೀಜನ್ ಸಾಗರತಳದ ನಕ್ಷೆ ಬರೆದಾಗ ಸಾಗರಗಳ ಮಧ್ಯೆ ಉದ್ದವಾದ ಪರ್ವತಸಾಲುಗಳೂ ಅವುಗಳ ನಡುವೆ ಸೀಳುಗಳೂ ಕಂಡವು. ಆ ಸೀಳುಗಳಲ್ಲಿ ಕೆಳಗಿನಿಂದ ಹೊಸ ಶಿಲೆ ಉಕ್ಕಿ ಎರಡು ಬದಿಗೂ ಸರಿಯುತ್ತದೆ ಎಂದು ಹ್ಯಾರಿ ಹೆಸ್ 1962ರಲ್ಲಿ ಬರೆದರು. ಭೂಮಿಯ ಕಾಂತಕ್ಷೇತ್ರ ಆಗಾಗ ತಿರುವುಮುರುವಾಗುತ್ತದೆ. ಹೊಸ ಶಿಲೆ ಗಟ್ಟಿಯಾಗುವಾಗ ಆ ಹೊತ್ತಿನ ದಿಕ್ಕನ್ನು ತನ್ನಲ್ಲಿ ಉಳಿಸಿಕೊಳ್ಳುತ್ತದೆ. ಹೀಗಾಗಿ ಸೀಳಿನ ಎರಡೂ ಬದಿಗೆ ಒಂದೇ ಕ್ರಮದ ಕಾಂತಪಟ್ಟೆಗಳು ಮೂಡಿರಬೇಕು. ಕೇಂಬ್ರಿಡ್ಜ್‌ನ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ಈ ವಾದ ಮಂಡಿಸಿದರು. ಅವರು ಮುಖ್ಯವಾಗಿ ಬಳಸಿದ ಅಳತೆಗಳು ಭಾರತ ಮತ್ತು ಆಫ್ರಿಕಾ ನಡುವಿನ ಕಾರ್ಲ್ಸ್‌ಬರ್ಗ್ ಪರ್ವತಸಾಲಿನವು. ಲೆಮೂರಿಯಾ ಇತ್ತೆಂದು ನೂರು ವರ್ಷ ಹೇಳುತ್ತಿದ್ದ ಕಡಲ ಭಾಗದಲ್ಲೇ, ಮುಳುಗಿದ ಹಳೆಯ ನೆಲದ ಬದಲು ಹೊಸದಾಗಿ ಹುಟ್ಟುತ್ತಿರುವ ಸಮುದ್ರತಳ ಕಂಡಿತು.

ಶಿಲೆಗಳ ವಯಸ್ಸೂ ಇದನ್ನೇ ಹೇಳುತ್ತದೆ. ಇಂದಿನ ಸಾಗರಗಳ ತಳದ ಶಿಲೆ ಬಹುತೇಕ ಎಲ್ಲ ಕಡೆ 20 ಕೋಟಿ ವರ್ಷಕ್ಕಿಂತ ಎಳೆಯದು. ನಮ್ಮ ಧಾರವಾಡ ಶಿಲಾಪ್ರದೇಶದ ಕಲ್ಲುಗಳು 250 ಕೋಟಿ ವರ್ಷಕ್ಕೂ ಹಳೆಯವು.

ಮಲ್ಪೆಯ ಎದುರಿನ ಕಲ್ಲುಕಂಬಗಳು

ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟದ್ದರ ಗುರುತು ನೋಡಲು ದೂರ ಹೋಗಬೇಕಾಗಿಲ್ಲ. ಉಡುಪಿ ಜಿಲ್ಲೆಯ ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪಗಳು ಸಿಗುತ್ತವೆ. ಅಲ್ಲಿ ಜೋಡಿಸಿಟ್ಟಂತೆ ನಿಂತಿರುವ ಕಲ್ಲುಕಂಬಗಳನ್ನು ಪ್ರವಾಸಿಗರು ಕಂಡಿರುತ್ತಾರೆ. ಯಾರೂ ಕೆತ್ತಿದ್ದಲ್ಲ. ಲಾವಾರಸ ಆರಿ ಕುಗ್ಗುವಾಗ ಬಿರುಕುಬಿಟ್ಟು ಹಲವು ಮುಖಗಳ ಕಂಬಗಳಾಗಿವೆ. ಇವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್‌ನಲ್ಲಿಯೂ ಇದೇ ಕಾಲದ ಜ್ವಾಲಾಮುಖಿ ಶಿಲೆಗಳು ವಿಶಾಲವಾಗಿ ಹರಡಿವೆ. ಎರಡು ನೆಲಗಳು ಸೀಳಿ ಬೇರೆಯಾದ ಕಾಲದ ಗುರುತುಗಳಿವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ದ್ವೀಪಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಬೇರೆಯಾದ ಭಾರತ ಉತ್ತರಕ್ಕೆ ಸಾಗಿತು. ಒಂದು ಘಟ್ಟದಲ್ಲಿ ಅದರ ವೇಗ ವರ್ಷಕ್ಕೆ 15 ಸೆಂಟಿಮೀಟರ್‌ಗೂ ಹೆಚ್ಚಿತ್ತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯವನ್ನು ಎಬ್ಬಿಸಿತು.

ಹಾಗಾದರೆ ಲೆಮೂರ್‌ಗಳು ಬಂದದ್ದು ಹೇಗೆ?

ಇಷ್ಟು ತಿಳಿದ ಮೇಲೆ, ಭಾರತ ಮತ್ತು ಮಡಗಾಸ್ಕರ್ ಕೂಡಿದ್ದಾಗ ಲೆಮೂರ್‌ಗಳು ನಡೆದು ಬಂದಿರಬೇಕು ಎಂದು ಅನಿಸುವುದು ಸಹಜ. ಆದರೆ ಕಾಲ ಹೊಂದುವುದಿಲ್ಲ. ಮಡಗಾಸ್ಕರ್ ಆಫ್ರಿಕಾದಿಂದ ಬಿಟ್ಟುಕೊಂಡದ್ದು ಸುಮಾರು 16 ಕೋಟಿ ವರ್ಷಗಳ ಹಿಂದೆ, ಭಾರತದಿಂದ 8.8 ಕೋಟಿ ವರ್ಷಗಳ ಹಿಂದೆ. ಲೆಮೂರ್‌ಗಳ ಪೂರ್ವಜರು ಆ ದ್ವೀಪಕ್ಕೆ ಬಂದದ್ದು ಇವೆರಡಕ್ಕಿಂತಲೂ ಈಚೆಗೆ, ಸುಮಾರು 5ರಿಂದ 6 ಕೋಟಿ ವರ್ಷಗಳ ಹಿಂದೆ ಎಂಬುದು ಹೆಚ್ಚಿನ ಅಧ್ಯಯನಗಳ ಅಂದಾಜು. ಆ ಹೊತ್ತಿಗೆ ಮಡಗಾಸ್ಕರ್ ಸುತ್ತಲೂ ನೀರೇ ಇತ್ತು.

ಅವು ಆಫ್ರಿಕಾದಿಂದ ಸುಮಾರು 400 ಕಿಲೋಮೀಟರ್ ಅಗಲದ ಜಲಸಂಧಿಯನ್ನು ತೇಲಿಕೊಂಡು ದಾಟಿರಬೇಕು ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. ಚಂಡಮಾರುತ, ಪ್ರವಾಹಗಳಲ್ಲಿ ಬುಡಸಮೇತ ಕಿತ್ತುಬಂದ ಮರಗಳ ರಾಶಿಯ ಮೇಲೆ ಸಣ್ಣ ಪ್ರಾಣಿಗಳು ಕಡಲು ದಾಟುವುದುಂಟು. 1995ರಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಚಂಡಮಾರುತದ ನಂತರ ಇಗ್ವಾನಾ ಎಂಬ ದೊಡ್ಡ ಹಲ್ಲಿಗಳ ಗುಂಪು ಹೀಗೆ ತೇಲಿಬಂದು, ಅವು ಹಿಂದೆಂದೂ ಇಲ್ಲದಿದ್ದ ಆಂಗ್ವಿಲಾ ದ್ವೀಪವನ್ನು ಸೇರಿತ್ತು. ಇಂದು ಮೊಜಾಂಬಿಕ್ ಜಲಸಂಧಿಯ ಪ್ರವಾಹಗಳು ಇಂಥ ಪ್ರಯಾಣಕ್ಕೆ ಅನುಕೂಲವಾಗಿಲ್ಲ. ಆದರೆ ಆ ಪ್ರಾಚೀನ ಕಾಲದಲ್ಲಿ ಅವು ಕೆಲವೊಮ್ಮೆ ಮಡಗಾಸ್ಕರ್ ಕಡೆಗೇ ಹರಿಯುತ್ತಿದ್ದವು ಎಂದು 2010ರಲ್ಲಿ ಪ್ರಕಟವಾದ ಕಂಪ್ಯೂಟರ್ ಲೆಕ್ಕಾಚಾರ ತೋರಿಸಿತು. ನಮ್ಮ ಕಾಡುಪಾಪದ ದಾರಿಯೇ ಬೇರೆ. ಅದರ ವಂಶದ ಹಳೆಯ ಪಳೆಯುಳಿಕೆಗಳು ಈಜಿಪ್ಟಿನಲ್ಲಿ ದೊರೆತಿವೆ. ಏಷ್ಯಾಕ್ಕೆ ಬರಲು ಅದಕ್ಕೆ ಹಿಂದೂ ಮಹಾಸಾಗರದ ಖಂಡ ಬೇಕಿರಲಿಲ್ಲ.

ಇಲ್ಲಿ ಒಂದು ಮುಖ್ಯ ಅಂಶ ಗಮನಿಸಬೇಕು. ಗ್ಲೋಸಾಪ್ಟೆರಿಸ್ ಬೆಳೆದದ್ದು 30 ಕೋಟಿಯಿಂದ 25 ಕೋಟಿ ವರ್ಷಗಳ ಹಿಂದೆ. ಲೆಮೂರ್‌ಗಳಿಗೂ ಅದಕ್ಕೂ ಸುಮಾರು 20 ಕೋಟಿ ವರ್ಷಗಳ ಅಂತರವಿದೆ. ಒಂದೇ ಜಾಗವನ್ನು ತೋರಿಸುತ್ತಿದ್ದ ಎರಡು ಸಾಕ್ಷಿಗಳು ಒಂದೇ ಕಾಲದ ಬಗ್ಗೆ ಮಾತಾಡುತ್ತಿರಲಿಲ್ಲ. ಶಿಲೆಗಳ ವಯಸ್ಸನ್ನು ಖಚಿತವಾಗಿ ಅಳೆಯುವ ವಿಧಾನ ಹತ್ತೊಂಬತ್ತನೇ ಶತಮಾನದಲ್ಲಿ ಇರಲಿಲ್ಲವಾದ್ದರಿಂದ ಈ ಅಂತರ ಎಷ್ಟೆಂದು ಆಗ ತಿಳಿಯುವಂತಿರಲಿಲ್ಲ. ಎರಡು ಪ್ರಶ್ನೆಗಳಿಗೆ ಎರಡು ಉತ್ತರ ಬೇಕಾಗಿತ್ತು. ಲೆಮೂರಿಯಾ ಎರಡಕ್ಕೂ ಒಂದೇ ಉತ್ತರ ಕೊಡಲು ಹೋಗಿತ್ತು.

ವಿಜ್ಞಾನ ಬಿಟ್ಟ ಮೇಲೂ ಉಳಿದ ಹೆಸರು

ವಿಜ್ಞಾನದಲ್ಲಿ ಲೆಮೂರಿಯಾದ ಕಾಲ ಮುಗಿಯುವ ಮೊದಲೇ ಆ ಹೆಸರು ಬೇರೆಡೆಗೆ ಹರಡಿತ್ತು. ಜರ್ಮನಿಯ ಅರ್ನ್‌ಸ್ಟ್ ಹೆಕೆಲ್ ಅವರು ಮಾನವಕುಲ ಹುಟ್ಟಿದ್ದು ಲೆಮೂರಿಯಾದಲ್ಲೇ ಇರಬಹುದು ಎಂದರು. ಮನುಷ್ಯನ ಅತ್ಯಂತ ಹಳೆಯ ಪಳೆಯುಳಿಕೆಗಳು ಆಫ್ರಿಕಾದಲ್ಲಿ ದೊರೆತ ಮೇಲೆ ಆ ಊಹೆಗೆ ಆಧಾರ ಉಳಿಯಲಿಲ್ಲ. 1888ರಲ್ಲಿ ಥಿಯಾಸಫಿ ಪಂಥದ ಮೇಡಂ ಬ್ಲಾವಟ್‌ಸ್ಕಿ ತಮ್ಮ ಗ್ರಂಥದಲ್ಲಿ ಲೆಮೂರಿಯಾಕ್ಕೆ ವಿಚಿತ್ರ ಮಾನವಜನಾಂಗಗಳನ್ನು ಸೇರಿಸಿದರು. ಇಂದು ಹರಿದಾಡುವ ಚಿತ್ರಗಳಲ್ಲಿನ ದೈತ್ಯ ಮಾನವರ ಮೂಲ ಇಂಥ ಬರಹಗಳಲ್ಲಿದೆ.

ತಮಿಳುನಾಡಿನಲ್ಲಿ ಇದು ಇನ್ನೊಂದು ರೂಪ ಪಡೆಯಿತು. ಪಾಂಡ್ಯರ ನೆಲವನ್ನು ಕಡಲು ನುಂಗಿತು ಎಂಬ ಪ್ರಸ್ತಾಪ ಹಳೆಯ ತಮಿಳು ಸಾಹಿತ್ಯದಲ್ಲಿದೆ. ಪರಂಪರೆ ಇಳಂಗೋ ಅಡಿಗಳದೆಂದು ಹೇಳುವ ಶಿಲಪ್ಪದಿಕಾರದಲ್ಲಿ ಪಹ್ರುಳಿ ಎಂಬ ನದಿಯನ್ನು ಕಡಲು ಕೊಂಡ ಮಾತು ಬರುತ್ತದೆ. ಅದರ ವ್ಯಾಖ್ಯಾನಕಾರ ಅಡಿಯಾರ್ಕುನಲ್ಲಾರ್ ಹೀಗೆ ಮುಳುಗಿದ ನಾಡುಗಳು 49 ಎಂದು ಲೆಕ್ಕ ಕೊಡುತ್ತಾರೆ. ಇಪ್ಪತ್ತನೇ ಶತಮಾನದಲ್ಲಿ ಕೆಲವರು ಈ ನೆನಪನ್ನು ಸ್ಕ್ಲೇಟರ್ ಅವರ ಲೆಮೂರಿಯಾಕ್ಕೆ ಜೋಡಿಸಿದರು. ಅದನ್ನು ಕುಮರಿ ಕಂಡಂ ಎಂದು ಕರೆದು ಮಡಗಾಸ್ಕರ್‌ವರೆಗೆ ಚಾಚಿದ ನಕ್ಷೆಗಳನ್ನು ಬರೆದರು. ಹಳೆಯ ಕೃತಿಗಳು ಹೇಳುವುದು ನದಿ, ಬೆಟ್ಟ, ನಾಡುಗಳ ಮಾತನ್ನು. ಮಡಗಾಸ್ಕರ್ ಅವುಗಳಲ್ಲಿ ಇಲ್ಲ. ಕಾವ್ಯದ ಗೌರವಕ್ಕೆ ಲಂಡನ್ನಿನ ಪತ್ರಿಕೆಯ ಊರುಗೋಲು ಬೇಕಾಗಿಯೂ ಇಲ್ಲ.

ಮುಳುಗಿದ ನೆಲ ಇಲ್ಲವೇ ಇಲ್ಲವೇ?

ಇದೆ. ಅದನ್ನು ಸರಿಯಾದ ಅಳತೆಯಲ್ಲಿ ತಿಳಿಯಬೇಕು.

ಮೊದಲನೆಯದು ಕರಾವಳಿ. ಸುಮಾರು 20,000 ವರ್ಷಗಳ ಹಿಂದೆ, ಕೊನೆಯ ಹಿಮಯುಗದಲ್ಲಿ, ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಭಾರತ ಮತ್ತು ಶ್ರೀಲಂಕಾ ನೆಲದಿಂದಲೇ ಕೂಡಿದ್ದವು. ಹಿಮ ಕರಗಿದಾಗ ಆ ತಗ್ಗುನೆಲಗಳು ನೀರಿನಡಿ ಹೋದವು. ಅಲ್ಲಿ ಮನುಷ್ಯರು ಓಡಾಡಿದ್ದಿರಬಹುದು. ಇದು ಕಡಲು ಏರಿದ್ದರಿಂದ ಆದದ್ದು, ಖಂಡ ಕುಸಿದದ್ದರಿಂದ ಅಲ್ಲ.

ಎರಡನೆಯದು ಖಂಡಗಳ ಚೂರುಗಳು. ಸೆಷೆಲ್ಸ್ ದ್ವೀಪಗಳ ಗ್ರಾನೈಟ್ ಸುಮಾರು 75 ಕೋಟಿ ವರ್ಷ ಹಳೆಯದು. ಭಾರತ ಉತ್ತರಕ್ಕೆ ಸಾಗುವಾಗ ಹಿಂದೆ ಉಳಿದ ತುಣುಕು ಅದು. ಮಾರಿಷಸ್ ದ್ವೀಪದ ಲಾವಾ 90 ಲಕ್ಷ ವರ್ಷಕ್ಕಿಂತ ಎಳೆಯದು. ಆದರೂ ಅಲ್ಲಿನ ಕಡಲತೀರದ ಮರಳಿನಲ್ಲಿ ಬಹಳ ಹಳೆಯ ಜಿರ್ಕಾನ್ ಹರಳುಗಳು ಸಿಕ್ಕಿವೆ ಎಂದು 2013ರಲ್ಲಿ ವರದಿಯಾಯಿತು. 2017ರಲ್ಲಿ ಬಂಡೆಯೊಳಗಿಂದಲೇ 300 ಕೋಟಿ ವರ್ಷದಷ್ಟು ಹಳೆಯ ಹರಳುಗಳನ್ನು ತೆಗೆದು ತೋರಿಸಿದರು. ದ್ವೀಪದ ಕೆಳಗೆ ಪುರಾತನ ಖಂಡದ ಚೂರೊಂದು ಹೂತಿದೆ ಎಂಬುದು ಇದರ ಅರ್ಥ. ಅದಕ್ಕೆ ಮಾರಿಷಿಯಾ ಎಂದು ಹೆಸರಿಟ್ಟಿದ್ದಾರೆ. 'ಲೆಮೂರಿಯಾ ಸಿಕ್ಕಿತು' ಎಂಬ ತಲೆಬರಹಗಳು ಹುಟ್ಟಿದ್ದು ಇಂಥ ಸುದ್ದಿಯಿಂದ. ಆದರೆ ಇದು ಸ್ಕ್ಲೇಟರ್ ಹೇಳಿದ, ಪ್ರಾಣಿಗಳು ನಡೆದುಹೋಗಬಲ್ಲ ಖಂಡವಲ್ಲ. ಭಾರತ ಮತ್ತು ಮಡಗಾಸ್ಕರ್ ಬೇರ್ಪಡುವಾಗ ಎಳೆದು ತೆಳುವಾಗಿ ಹರಿದ ಅಂಚಿನ ತುಂಡು.

ಮೂರನೆಯದು ನ್ಯೂಜಿಲೆಂಡಿನ ಸುತ್ತಲಿನ ಜೀಲ್ಯಾಂಡಿಯಾ. ಇದರ ವಿಸ್ತೀರ್ಣ ಸುಮಾರು 49 ಲಕ್ಷ ಚದರ ಕಿಲೋಮೀಟರ್. ಶೇ. 94ರಷ್ಟು ಭಾಗ ನೀರಿನಡಿ ಇದೆ. ಇದು ತೆಳುವಾಗಿ ಹಿಗ್ಗಿದ್ದರಿಂದ ತಗ್ಗಿತು. ದಿಮ್ಮಿ ತೆಳುವಾದರೆ ನೀರಿನ ಮೇಲೆ ಕಡಿಮೆ ಕಾಣುತ್ತದೆ ಎಂಬ ಅದೇ ನಿಯಮ ಇಲ್ಲಿಯೂ ನಡೆದಿದೆ. ಮುಳುಗಿದ್ದರೂ ಅದರ ಗ್ರಾನೈಟ್ ಮಾಯವಾಗಿಲ್ಲ. ತಳದಿಂದ ಕಲ್ಲು ತೆಗೆದು ಪರೀಕ್ಷಿಸಿದರೆ ಖಂಡದ ಕಲ್ಲು ಎಂದು ತಿಳಿಯುತ್ತದೆ.

ಸುದ್ದಿ ಬಂದಾಗ ಕೇಳಬೇಕಾದ ಪ್ರಶ್ನೆಗಳು

ಮುಳುಗಿದ ಖಂಡದ ಬಗ್ಗೆ ಇನ್ನೊಂದು ಬರಹ ಕೈಗೆ ಬಂದಾಗ ಓದುಗರು ಮೂರು ಪ್ರಶ್ನೆಗಳನ್ನು ಕೇಳಬಹುದು.

ಮೊದಲನೆಯದು, ಯಾವ ಕಾಲದ ಮಾತು? ಕೋಟಿ ವರ್ಷಗಳ ಹಿಂದಿನ ಶಿಲೆಯ ಸಾಕ್ಷಿಯನ್ನು ತೋರಿಸಿ ಕೆಲವು ಸಾವಿರ ವರ್ಷಗಳ ಹಿಂದಿನ ನಾಗರಿಕತೆಯ ಮಾತಾಡಿದ್ದರೆ ಎರಡು ಕಾಲಗಳನ್ನು ಬೆರೆಸಲಾಗಿದೆ. ನಮ್ಮ ಮನುಷ್ಯಜಾತಿಯ ವಯಸ್ಸೇ ಸುಮಾರು 3 ಲಕ್ಷ ವರ್ಷ.

ಎರಡನೆಯದು, ತಳದಲ್ಲಿರುವ ಕಲ್ಲು ಯಾವುದು? ಖಂಡವಿದ್ದ ಕಡೆ ಖಂಡದ ಶಿಲೆ ಸಿಗಲೇಬೇಕು. ಬರೀ ಎಳೆಯ ಬಸಾಲ್ಟ್ ಇದ್ದರೆ ಅಲ್ಲಿ ಖಂಡವಿರಲಿಲ್ಲ.

ಮೂರನೆಯದು, ಎಷ್ಟು ದೊಡ್ಡದು? ಮುಳುಗಿದ ಕರಾವಳಿಯ ಪಟ್ಟಿ, ಖಂಡದ ಚೂರು, ಪೂರ್ಣ ಖಂಡ ಈ ಮೂರೂ ಬೇರೆ ಬೇರೆ. ಒಂದರ ಸಾಕ್ಷಿಯನ್ನು ಇನ್ನೊಂದಕ್ಕೆ ಕೊಡುವಂತಿಲ್ಲ.

ಈ ಪ್ರಶ್ನೆಗಳನ್ನು ಕೇಳುವುದೆಂದರೆ ಹಿರಿಯರ ನೆನಪುಗಳನ್ನು ಅಥವಾ ಕಾವ್ಯಗಳನ್ನು ಕಡೆಗಣಿಸುವುದಲ್ಲ. ಹಾಗೆಯೇ ಸ್ಕ್ಲೇಟರ್ ಅವರನ್ನು ಹಗುರವಾಗಿ ಕಾಣಬೇಕಾದ ಕಾರಣವೂ ಇಲ್ಲ. ತಮ್ಮ ಕಾಲಕ್ಕೆ ಲಭ್ಯವಿದ್ದ ಸಾಕ್ಷಿಯಿಂದ ಅವರು ಒಂದು ಊಹೆ ಮಾಡಿದರು, ಅದನ್ನು ಪರೀಕ್ಷಿಸಲು ಬರುವಂತೆ ಸ್ಪಷ್ಟವಾಗಿ ಬರೆದರು. ಕಲ್ಲಿದ್ದಲ ಪದರದ ಎಲೆ, ಕಲಿಯಾನಾದ ತೂಕದ ಗುಂಡು, ಕಾರ್ಲ್ಸ್‌ಬರ್ಗ್ ಸಾಲಿನ ಕಾಂತಪಟ್ಟೆ, ಈಜಿಪ್ಟಿನ ಪಳೆಯುಳಿಕೆ ಇವೆಲ್ಲ ಸೇರಿ ಆ ಊಹೆಯನ್ನು ಒರೆಗೆ ಹಚ್ಚಿದವು. ಕಾಡುಪಾಪ ತುಮಕೂರಿನ ಕಾಡಿಗೆ ಹೇಗೆ ಬಂತು ಎಂದು ಇಂದು ನಾವು ಹೇಳಬಲ್ಲೆವಾದರೆ, ಆ ಪ್ರಶ್ನೆಯನ್ನು 1864ರಲ್ಲಿ ಅವರು ಎತ್ತಿದ್ದೂ ಅದಕ್ಕೆ ಒಂದು ಕಾರಣ.